ಕೆಸರಿನಲ್ಲಿ ಲಾರಿ ನಿಲ್ಲಿಸಿದ ದಿನ

ಶ್ರಾವಣದ ಮೊದಲ ಶನಿವಾರ, ಬೆಳಗಿನ ಆರು ಗಂಟೆ. ಸ್ಥಳ: ಕಲಬುರಗಿಯ ಗಾಜಿಪುರ, ನಮ್ಮ ಮನೆಯ ಮುಂದಿನ ಖಾಲಿ ಜಾಗ. ಹಾಜರಿದ್ದವರು: ನಾನು, ನನ್ನ ಹೆಂಡತಿ, ನನ್ನ ತಂಗಿಯ ಮಗಳು, ಅವಳ ಲಾರಿಯ ಡ್ರೈವರ್. ಲಾರಿಯನ್ನೂ ಹಾಜರಿಯಲ್ಲಿ ಸೇರಿಸುತ್ತೇನೆ. ಅಂದು ಎಲ್ಲರಿಗಿಂತ ಹೆಚ್ಚು ಮಾತಾಡಿದ್ದು ಅದೇ.

ಓಣಿಯ ತಿರುವಿನಲ್ಲಿ ಲಾರಿ ಕಾಣುವ ಮೊದಲೇ ಅದರ ಸಪ್ಪಳ ಕೇಳಿತ್ತು. ಟಿಕ್, ಟಿಕ್, ಟಿಕ್. ಆಮೇಲೆ ಯಾರೋ ಕಬ್ಬಿಣದ ಬಾಗಿಲು ಬಡಿದಂತೆ ಒಂದು ಢಣ್. ತಿರುವು ದಾಟಿ ನೇರವಾದ ಮೇಲೆ ಸಪ್ಪಳ ಪೂರ್ತಿ ನಿಂತಿತು. ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಕಟ್ಟುವ ಕೈ ಹಾಗೇ ನಿಂತಿತು. ಗೇರಿನ ಹಲ್ಲು ಮುರಿದಿದ್ದರೆ ನೇರ ರಸ್ತೆಯಲ್ಲೂ ಬಡಿಯಬೇಕು. ಇದು ತಿರುವಿನಲ್ಲಿ ಮಾತ್ರ ಮಾತಾಡುತ್ತದೆ. ಎಲ್ಲಿ ಕೇಳಿದ್ದೆ ಇದನ್ನು?

ನಾನು ಸೈನ್ಯದ ವಾಹನ ವಿಭಾಗದಲ್ಲಿ ಚಾಲಕರಿಗೆ ಕಲಿಸುತ್ತಿದ್ದವನು. ನಿವೃತ್ತಿಯಾಗಿ ಬಹಳ ವರ್ಷವಾಯಿತು, ದಿನಚರಿಗೆ ಮಾತ್ರ ನಿವೃತ್ತಿ ಸಿಕ್ಕಿಲ್ಲ. ಬೆಳಕು ಹರಿಯುವ ಮೊದಲು ಏಳುವುದು, ಹಾಸಿಗೆ ಮಡಿಚುವುದು, ನಡಿಗೆ, ಸ್ನಾನ, ಆರೂಕಾಲಿಗೆ ಚಹಾ. ಮನೆಗೆ ಬರುವವರಿಗೂ ಇದು ಗೊತ್ತು. ತಂಗಿಯ ಮಗಳು ಅದನ್ನು ಲೆಕ್ಕ ಹಾಕಿಯೇ ಚಹಾದ ಹೊತ್ತಿಗೆ ಸರಿಯಾಗಿ ಬಂದಿದ್ದಳು.

ಅವಳು ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಇರುವವಳು. ಕಮಲಾಪುರದ ತೋಟಗಳಿಂದ ಕೆಂಪು ಬಾಳೆ ಎತ್ತಿ ಕಲಬುರಗಿಯ ಮಾರುಕಟ್ಟೆಗೆ ಹಾಕುವುದು ಅವಳ ಉದ್ಯೋಗ. ಮೊದಲು ಬಾಡಿಗೆ ಗಾಡಿ ಡಾಂಬರು ರಸ್ತೆಯಲ್ಲೇ ನಿಲ್ಲುತ್ತಿತ್ತು. ಗೊನೆಗಳನ್ನು ತೋಟದಿಂದ ತಲೆಯ ಮೇಲೆ ಹೊತ್ತು ತರಬೇಕಿತ್ತು. ಮಳೆಗಾಲದಲ್ಲಿ ಹೊರುವವರೇ ಸಿಗುತ್ತಿರಲಿಲ್ಲ. ತೋಟದೊಳಕ್ಕೇ ಹೋಗುವ ಲಾರಿ ಬೇಕೆಂದು ಈ ಬೇಸಿಗೆಯಲ್ಲಿ ಹಳೆಯ ಲಾರಿಯೊಂದನ್ನು ಕೊಂಡಿದ್ದಳು. ಅದು ಎಲ್ಲೋ ಗಣಿಯಲ್ಲಿ ನೀರು ಹೊತ್ತ ಲಾರಿ. ಡ್ರೈವರ್ ಮೋಮಿನಪುರದವನು, ನಲವತ್ತು ದಾಟಿದವನು. ತೊಗರಿ ಹೊಲಗಳ ಹಾದಿಯಲ್ಲಿ ಲಾರಿ ಹೊಡೆದೇ ಮೀಸೆ ಹಣ್ಣು ಮಾಡಿಕೊಂಡವನು.

ಇಬ್ಬರೂ ಲಾರಿಯಿಂದ ಇಳಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮಾಮಾ, ಇವತ್ತ ಒಂದು ಫೈಸಲಾ ಆಗ್ಬೇಕು" ಎಂದಳು ತಂಗಿಯ ಮಗಳು. "ಮಿಸ್ತ್ರಿ ಹತ್ತಕ್ಕ ಬರ್ರಿ ಅಂದಾನ. ಹಿಂದಿನ ಆಕ್ಸಲ್ ಬಿಚ್ತಾನ. ನೀವು ಬಾಜೂಕ ನಿಂತು ನೋಡ್ರಿ. ಒಳಗ ಗೇರ ಮುರದಿತ್ತಂದ್ರ ಈ ಮನಷಾ ನಾಳಿಂದ ಬರೂದು ಬ್ಯಾಡ."

"ಮುರದಿಲ್ಲಂದ್ರ?" ಎಂದ ಡ್ರೈವರ್, ಗಾಳಿಗೆ ಹೇಳಿದಂತೆ.

"ಮುರದಿಲ್ಲಂದ್ರ ಆ ತೊಟ್ಟಿ ಯಾರು ಒಡದ್ರು? ನಮ್ಮಜ್ಜ ಬಂದು ಒಡದನೇನು?"

ತೊಟ್ಟಿಯ ಕತೆ ಹೀಗೆ. ಹಿಂದಿನ ವಾರ ಕಮಲಾಪುರದ ತೋಟದಿಂದ ಗೊನೆ ತುಂಬಿಕೊಂಡು ಹೊರಡುವಾಗ, ಹಾದಿಯ ತಿರುವಿನಲ್ಲಿ ಲಾರಿ ತಿರುಗದೆ ನೇರ ನುಗ್ಗಿ, ತೋಟದ ಯಜಮಾನತಿಯ ಸಿಮೆಂಟಿನ ನೀರಿನ ತೊಟ್ಟಿಯ ಮೂಲೆ ಒಡೆದಿತ್ತು. ಆ ಡ್ರೈವರ್ ಇನ್ನು ತನ್ನ ತೋಟಕ್ಕೆ ಕಾಲಿಡಕೂಡದು ಎಂದು ಯಜಮಾನತಿ ಹೇಳಿದ್ದಳು. ತಿರುವಿನಲ್ಲಿ ಟಿಕ್ ಟಿಕ್, ತಿರುವಿನಲ್ಲಿಯೇ ಅಪಘಾತ. ಒರಟಾಗಿ ಹೊಡೆದು ಹಿಂದಿನ ಆಕ್ಸಲ್ಲಿನ ನಡುವಿನ ಗೇರುಗಳನ್ನು, ಡಿಫರೆನ್ಷಿಯಲ್ ಎನ್ನುವುದನ್ನು, ಮುರಿದಿದ್ದಾನೆ ಎಂದು ನಮ್ಮ ಹುಡುಗಿ ಎರಡನ್ನೂ ಸೇರಿಸಿ ತೀರ್ಮಾನ ಮಾಡಿದ್ದಳು.

"ಚಾಚಾ, ಖುದಾ ಕಸಂ" ಎಂದು ಡ್ರೈವರ್ ನನ್ನ ಕಡೆ ತಿರುಗಿದ. "ಸ್ಟೇರಿಂಗ್ ಪೂರಾ ಬಲಕ್ಕ ತಿರಗಸೀನಿ. ಮುಂದಿನ ಗಾಲಿ ತಿರಗ್ಯಾವ, ನಾ ಕಣ್ಣಿಲೇ ನೋಡೀನಿ. ಗಾಡಿ ಕೇಳಲಿಲ್ಲ. ಹಿಂದಿಂದ ಯಾರೋ ನೂಕಿದಂಗ ಸೀದಾ ಹೋಯ್ತು."

"ಹೌದ್ರಿ, ಜಿನ್ನ ನೂಕಿರಬೇಕು" ಎಂದಳು ಅವಳು.

ಹೆಂಡತಿ ಚಹಾ ತಂದಳು. ಎಲ್ಲರೂ ಜಗುಲಿಯ ಕಲ್ಲಿನ ಮೇಲೆ ಕುಳಿತೆವು. ಡ್ರೈವರನ ಬಾಗಿಲನ್ನು ಸುತಳಿಯಿಂದ ಬಿಗಿದು ಕಟ್ಟಿದ್ದನ್ನು ಹೆಂಡತಿ ನೋಡಿದಳು. "ಇದೇನಬೇ, ಲಾರಿ ಬಾಗಲಾ ಯಾಕ ಕಟ್ಟೀರಿ? ಓಡಿ ಹೋಗ್ತದೇನು?"

"ಅತ್ತಿ, ಅದನ್ನ ಕೇಳಬ್ಯಾಡ್ರಿ. ಮಾರಿದವ 'ಆಟೋ ಲಾಕ್ ಗಾಡಿ ಅದ ಅಕ್ಕೋರ, ಇಂಥಾದ್ದು ಸಿಗಂಗಿಲ್ಲ' ಅಂತ ಹತ್ತ ಸಲ ಅಂದ. ನೋಡ್ರಿ ಅವನ ಲಾಕು! ಚಿಲಕಾನೇ ಹತ್ತಂಗಿಲ್ಲ."

"ಆಟೋದಾಗ ಬಾಗಲಾನೇ ಇರಂಗಿಲ್ಲಲ್ರಿ" ಎಂದ ಡ್ರೈವರ್. "ಹಂಗಾರ ಇದು ಖರೇನೇ ಆಟೋ ಲಾಕ್."

ಆ ಬೆಳಿಗ್ಗೆ ಮೊದಲ ಬಾರಿಗೆ ತಂಗಿಯ ಮಗಳಿಗೆ ನಗು ಬಂತು; ನುಂಗಿಕೊಂಡಳು. ನನಗೆ ನಗು ಬರಲಿಲ್ಲ. ನಾನು ಎದ್ದು ನಿಂತಿದ್ದೆ.

"ಅವ ಬಾಗಲಾ ಅಂತ ಅಂದನೇನು? ನೆಪ್ಪು ಮಾಡ್ಕೊಂಡ ಹೇಳು."

"ಬಾಗಲಾ ಅನ್ನಲಿಲ್ಲ. ಗಣಿಯವರು ಹಿಂದಿನ ಆಕ್ಸಲ್ ಬದಲ್ ಮಾಡ್ಸ್ಯಾರ, ಆಟೋ ಲಾಕ್ ಅದ ಅಂದ. ಲಾಕ್ ಅಂದ್ರ ಬಾಗಲದ್ದೇ ಅಲ್ರೀ ಮತ್ತ?"

ನಾನು ಅರ್ಧ ಚಹಾ ಕಪ್ಪನ್ನು ಕಲ್ಲಿನ ಮೇಲಿಟ್ಟೆ. ಹೆಂಡತಿ ಕಪ್ಪನ್ನೂ ನನ್ನನ್ನೂ ನೋಡಿದಳು. "ಚಹಾ ಬಿಟ್ಟು ಎದ್ದೀರಿ ಅಂದ್ರ ಎಲ್ಲಿಯರ ಯುದ್ಧ ಸುರು ಆಗ್ಯಾದೇನು?"

ಯುದ್ಧವಲ್ಲ. ಅದಕ್ಕಿಂತ ಸಂತೋಷದ ಸಂಗತಿ. ಹಿಮ ಬೀಳುವ ಗಡಿಯಲ್ಲಿ ಒಂದು ಚಳಿಗಾಲ ನಮ್ಮ ಘಟಕಕ್ಕೆ ಪರೀಕ್ಷೆಗೆಂದು ಕೆಲವು ಟ್ರಕ್ಕುಗಳು ಬಂದಿದ್ದವು. ಅವು ತಿರುವಿನಲ್ಲಿ ಟಿಕ್ ಟಿಕ್ ಎನ್ನುತ್ತಿದ್ದವು, ಢಣ್ ಎನ್ನುತ್ತಿದ್ದವು, ಮತ್ತು ಬೇರೆ ಟ್ರಕ್ಕುಗಳು ಚಕ್ರ ತಿರುಗಿಸುತ್ತ ನಿಂತಲ್ಲೇ ನಿಲ್ಲುವ ಜಾಗದಲ್ಲಿ ಆರಾಮಾಗಿ ಹತ್ತಿಹೋಗುತ್ತಿದ್ದವು. ವಸಂತ ಬಂದೊಡನೆ ಅವು ಹೋದವು. ಮತ್ತೆ ಎಂದೂ ಆ ಸಪ್ಪಳ ಕೇಳಿರಲಿಲ್ಲ. ಇಷ್ಟು ವರ್ಷಗಳ ಮೇಲೆ ಅದು ಗಾಜಿಪುರದ ನಮ್ಮ ಓಣಿಗೆ, ಸುತಳಿ ಕಟ್ಟಿಕೊಂಡು ಬಂದಿದೆ!

ಆದರೆ ನೆನಪು ಪುರಾವೆಯಲ್ಲ. ಪರೀಕ್ಷೆ ಮಾಡಬೇಕು. ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಡಿಸಿದೆ. ಎಂಜಿನ್ ಬಂದ್, ಲಾರಿ ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಬಿಡಿಸಿದ್ದು. ಹಿಂದಿನ ಆಕ್ಸಲ್ಲಿನ ಎರಡೂ ಕಡೆ ಜಾಕ್ ಎತ್ತಿ, ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟ ಮೇಲೆಯೇ ಹತ್ತಿರ ಹೋಗಲು ಬಿಟ್ಟೆ. ಹಿಂದಿನ ಚಕ್ರಗಳು ನೆಲ ಬಿಟ್ಟು ನಿಂತವು. ಎಡಗಡೆಯ ಚಕ್ರಕ್ಕೆ ತಂಗಿಯ ಮಗಳನ್ನು, ಬಲಗಡೆಗೆ ಡ್ರೈವರನನ್ನು ನಿಲ್ಲಿಸಿದೆ. ನಾನು ಹಿಂದೆ, ನಡುವೆ ಕುಳಿತೆ. ಲಾರಿಯ ಮೈ ಅಡ್ಡ ಇದ್ದುದರಿಂದ ಅವರಿಬ್ಬರಿಗೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ಇಬ್ಬರೂ ಹಿಂದಕ್ಕ ತಿರಗಸ್ರಿ."

ಎರಡೂ ಚಕ್ರಗಳು ಸ್ವಲ್ಪ ತಿರುಗಿ, ಒಳಗೆ ಗೇರಿಗೆ ತಾಗಿ ನಿಂತವು. ಸಾದಾ ಲಾರಿಯಲ್ಲಾದರೆ ಒಂದು ತಿರುಗಿದಾಗ ಇನ್ನೊಂದು ಉಲ್ಟಾ ತಿರುಗಬೇಕು. ಇಲ್ಲಿ ಎರಡೂ ಒಂದೇ ಕಡೆ ಬಿಗಿಯಾಗಿ ನಿಂತಿವೆ.

"ಯವ್ವಾ, ನೀ ಹಂಗೇ ಹಿಂದಕ್ಕ ಒತ್ತಿ ಹಿಡಿ. ಭಾಯಿ, ನೀ ಈಗ ಮುಂದಕ್ಕ ತಿರಗಸು."

ಬಲಗಡೆಯ ಚಕ್ರ ತಡೆಯಿಲ್ಲದೆ ಮುಂದಕ್ಕೆ ತಿರುಗಿತು. ಟಿಕ್. ಟಿಕ್. ಟಿಕ್. ಗಡಿಯಾರದಂತೆ ಸಮನಾದ ಸಪ್ಪಳ. ನಡುವೆ ಒಮ್ಮೆ ನಿಂತಿತು.

"ಅಕ್ಕೋರ, ನೀವು ಬಿಟ್ರಿ!"

"ನಾ ಬಿಟ್ಟಿಲ್ಲ. ನಿನಗ ಕಸುವಿಲ್ಲ. ಮುಂಜಾನಿ ರೊಟ್ಟಿ ತಿಂದಿಲ್ಲೇನು?"

"ಕೆಲಸ ಹೋಗ್ತದಂದ್ರ ರೊಟ್ಟಿ ಹ್ಯಾಂಗ ಇಳೀತದ್ರಿ?"

ಎಡಗಡೆಯ ಚಕ್ರ ಮತ್ತಷ್ಟು ಬಿಗಿಯಾಗಿ ಹಿಂದಕ್ಕೆ ಒತ್ತಿಕೊಂಡಿತು. ಟಿಕ್ ಟಿಕ್ ಮತ್ತೆ ಶುರುವಾಯಿತು. ಆಮೇಲೆ ಅದಲುಬದಲು ಮಾಡಿಸಿದೆ: ಅವನು ಹಿಡಿದ, ಅವಳು ತಿರುಗಿಸಿದಳು. ಅದೇ ಸಪ್ಪಳ, ಅಷ್ಟೇ ಸಮ. ಎರಡೂ ಕಡೆ ಸಮ ಇದ್ದರೆ ಒಳಗೆ ಏನೂ ಮುರಿದಿಲ್ಲ.

"ಬರ್ರಿ ಇಲ್ಲಿ ಇಬ್ಬರೂ!" ಎಂದು ನಾನು ಕೂಗಿದ್ದು ಪರೇಡಿನ ದನಿಯಲ್ಲಿಯೇ ಇತ್ತೆಂದು ಹೆಂಡತಿ ಆಮೇಲೆ ಹೇಳಿದಳು. ಎದುರುಮನೆಯವರು ಕಿಟಕಿ ತೆರೆದರಂತೆ.

ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಲಾರಿ ತಿರುಗುವಾಗ ಹೊರಗಿನ ಚಕ್ರ ದೊಡ್ಡ ಸುತ್ತು ಹೋಗಬೇಕು, ಒಳಗಿನದು ಸಣ್ಣ ಸುತ್ತು. ಅದಕ್ಕಾಗಿಯೇ ಎರಡರ ನಡುವೆ ಡಿಫರೆನ್ಷಿಯಲ್ ಇದೆ. ಸಾದಾ ಡಿಫರೆನ್ಷಿಯಲ್ಲಿಗೆ ಒಂದು ಕೆಟ್ಟ ಗುಣ: ಯಾವ ಚಕ್ರ ಸುಲಭವಾಗಿ ತಿರುಗುತ್ತದೋ ಅದರ ಕಡೆಗೇ ಒಲಿಯುತ್ತದೆ. ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಅದೇ ಗರಗರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವುದು ಸುಮ್ಮನೆ ನಿಂತಿರುತ್ತದೆ. ಕೆಲವು ಲಾರಿಗಳಲ್ಲಿ ಎರಡನ್ನೂ ಒಂದು ಮಾಡಲು ಡ್ರೈವರ್ ಒತ್ತುವ ಗುಂಡಿ ಇರುತ್ತದೆ. ಇದರಲ್ಲಿ ಗುಂಡಿ ಇಲ್ಲ. ಇದು ತಾನಾಗಿ ಬೀಳುವ ಲಾಕು, ತಾನಾಗಿ ಬಿಡುವ ಲಾಕು; ಲಾಕರ್ ಎನ್ನುತ್ತಾರೆ. ಮಾರಿದವನು ಹೇಳಿದ ಆಟೋ ಲಾಕ್ ಇದೇ. ಎಂಜಿನ್ ನೂಕುವಾಗ ಎರಡೂ ಚಕ್ರ ಒಂದೇ ಆಗಿ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡಬೇಕೆಂದರೆ, ಅದನ್ನಷ್ಟೇ ಬಿಟ್ಟುಕೊಡುತ್ತದೆ.

"ಸೈಕಲ್ ಪೆಡಲ್ ತುಳಿಯೋದು ಬಿಟ್ರ ಹಿಂದಿನ ಗಾಲಿ ಟಿಕ್ ಟಿಕ್ ಅಂತದಲ್ಲ, ಅದೇ" ಎಂದೆ. "ಸೈಕಲ್ ಕೆಟ್ಟದ ಅಂತ ಯಾರರ ಮಿಸ್ತ್ರಿ ಕಡೆ ಒಯ್ತಾರೇನು?"

ಡ್ರೈವರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. ತಂಗಿಯ ಮಗಳು ಮಾತ್ರ ಗೀಚಿದ ಗೆರೆಗಳನ್ನೇ ನೋಡುತ್ತಿದ್ದಳು. ಅವಳು ಬೇಗ ಒಪ್ಪುವವಳಲ್ಲ, ನಮ್ಮ ಮನೆತನದವಳು.

"ಸಪ್ಪಳದ ತಕರಾರು ಮುಗೀತು ಮಾಮಾ. ತೊಟ್ಟಿದ್ದು?"

ಮಿಸ್ತ್ರಿಗೆ ಫೋನ್ ಮಾಡಿದಳು. ಅವನ ದನಿ ನಮಗೂ ಕೇಳುತ್ತಿತ್ತು. "ಅದೆಂಥಾ ಲಾಕರ ಇರ್ಲಿ ಅಕ್ಕೋರ, ತಗದು ಸಾದಾ ಗೇರ ಹಾಕಿಸ್ಕೊಂಡ ಬಿಡ್ರಿ, ಗಾಡಿ ಶಾಂತ ನಡೀತದ." ಸಂಜೆಗೆ ತಿಳಿಸುತ್ತೇನೆ ಎಂದು ಇಟ್ಟಳು. ಆಮೇಲೆ ನಮ್ಮ ಮುಂದೆ ಶರತ್ತು ಇಟ್ಟಳು. ಇವತ್ತು ಕಮಲಾಪುರದ ಅದೇ ತೋಟದಲ್ಲಿ ಗೊನೆ ಕಡಿದಿಟ್ಟಿದ್ದಾರೆ. ಅದೇ ಹಾದಿ, ಅದೇ ತಿರುವು, ರಾತ್ರಿ ಮಳೆಯೂ ಆಗಿದೆ. ಲಾರಿ ಮತ್ತೆ ನೇರ ನುಗ್ಗಿದರೆ ಸಂಜೆ ಲಾಕರ್ ಮಿಸ್ತ್ರಿಗೆ, ಡ್ರೈವರ್ ಮನೆಗೆ.

"ಮಂಜೂರ್" ಎಂದ ಡ್ರೈವರ್. ಹೋಗಿ ಬಾಗಿಲಿನ ಸುತಳಿ ಬಿಚ್ಚತೊಡಗಿದ.

ಮೂವರೂ ಮುಂದೆ ಕುಳಿತು ಹುಮನಾಬಾದ್ ರಸ್ತೆ ಹಿಡಿದೆವು. ಮೊದಲ ಕೆಲಸ, ಪಂಕ್ಚರ್ ಅಂಗಡಿಯಲ್ಲಿ ಗಾಳಿ. ಹಿಂದಿನ ಟೈರುಗಳಲ್ಲಿ ಒಂದು ಕಡೆ ಗಾಳಿ ಕಡಿಮೆ ಇತ್ತು. ಸಾದಾ ಲಾರಿಗೆ ಅದು ದೊಡ್ಡ ಮಾತಲ್ಲ. ಈ ಲಾರಿಗೆ ಅದು ಅವಮಾನ. ಒಂದು ಚಕ್ರ ಚಿಕ್ಕದು, ಒಂದು ದೊಡ್ಡದು ಎಂದಾದರೆ ನೇರ ರಸ್ತೆಯೂ ಅದಕ್ಕೆ ತಿರುವಿನಂತೆಯೇ. ಕಾಲು ಒತ್ತಿದರೆ ಒಂದು ಕಡೆ ಎಳೆಯುತ್ತದೆ, ಬಿಟ್ಟರೆ ಇನ್ನೊಂದು ಕಡೆ.

"ಅದಕ್ಕೇ!" ಎಂದ ಡ್ರೈವರ್. "ಚಾಚಾ, ತಿಂಗಳಾತು, ಎಕ್ಸಲೇಟರ್ ಬಿಟ್ರ ಗಾಡಿ ಬಲಕ್ಕ ನೋಡ್ತದ. ನಾ ನನ್ನ ಕಣ್ಣೇ ಹೋದವೇನೋ ಅಂದ್ಕೊಂಡಿದ್ದೆ."

ಗಾಳಿ ಸಮ ಮಾಡಿದ ಮೇಲೆ ಲಾರಿ ಗೆರೆ ಎಳೆದಂತೆ ಓಡಿತು. ಅವನು ಸ್ಟೇರಿಂಗಿನಿಂದ ಕೈ ಸಡಿಲ ಬಿಟ್ಟು ಹಿಡಿದು, ಬಿಟ್ಟು ಹಿಡಿದು ನೋಡಿದ. ತಂಗಿಯ ಮಗಳು ಕಿಟಕಿಯ ಹೊರಗೆ ನೋಡುತ್ತಲೇ "ಆಟ ಆಡಬ್ಯಾಡ" ಎಂದಳು. ಆದರೆ ಅವಳೂ ಗಮನಿಸಿದ್ದಳು. ದಾರಿಯ ಎರಡೂ ಬದಿ ಮೊಳಕಾಲೆತ್ತರದ ತೊಗರಿ, ಮಳೆ ತೊಳೆದ ಹಸಿರು. ನಾನು ಆ ಹೊತ್ತಿನಲ್ಲಿ ತೊಟ್ಟಿಯ ತಿರುವನ್ನು ಮನಸ್ಸಿನಲ್ಲಿ ನಕ್ಷೆ ಮಾಡುತ್ತಿದ್ದೆ.

ಕಮಲಾಪುರ ದಾಟಿ ಒಳಹಾದಿ ಹಿಡಿದೆವು. ಅಲ್ಲಿ ತೋಟದ ಮಣ್ಣು ಕೆಂಪು, ನೀರು ನಿಲ್ಲದ ಮಣ್ಣು; ಬಾಳೆಗೂ ಅದೇ ಬಣ್ಣ. ಆದರೆ ತೋಟದಿಂದ ಹೊರಬರುವ ಹಾದಿ ಒಂದು ತಗ್ಗು ದಾಟುತ್ತದೆ. ತಗ್ಗಿನಲ್ಲಿ ಕಪ್ಪು ಎರಿ ಮಣ್ಣು. ತಗ್ಗು ಮುಗಿಯುವಲ್ಲಿಯೇ ಬಲಕ್ಕೆ ತಿರುವು, ತಿರುವಿನ ಎದುರಿಗೆ ನೀರಿನ ತೊಟ್ಟಿ, ತಿರುವಿನ ನಂತರ ಸಣ್ಣ ಏರು. ತೊಟ್ಟಿಯ ಮೂಲೆಗೆ ಹಚ್ಚಿದ ಹೊಸ ಸಿಮೆಂಟ್ ಇನ್ನೂ ಹಸಿ ಬಣ್ಣದ್ದೇ ಇತ್ತು.

ಯಜಮಾನತಿ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ವಯಸ್ಸಿನವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದವಳು, ಕೈಯಲ್ಲಿ ಕುಡುಗೋಲು. ಡ್ರೈವರನನ್ನು ಕಂಡಳು. "ಇವನ್ನ ಮತ್ತ ಕರಕೊಂಡ ಬಂದಿಯಲ್ಲ! ಆವತ್ತ ಮೂಲಿ ಒಡದ, ಇವತ್ತ ಪೂರಾ ತೊಟ್ಟಿ ಮನಿಗಿ ಒಯ್ಯಾಕ ಬಂದಾನೇನು?"

"ಇವತ್ತ ನೋಡ್ರಿ ಅವ್ವಾರ, ಆಮ್ಯಾಲ ಬಯ್ರಿ" ಎಂದಳು ತಂಗಿಯ ಮಗಳು.

"ನಾ ಇಲ್ಲೇ ಕುಂತು ನೋಡ್ತೀನಿ. ನನ್ನ ಮ್ಯಾಲೆ ಹತ್ತಸ್ತಾನೇನು ನೋಡೇಬಿಡ್ತೀನಿ."

ನಾನು ಅದಕ್ಕೆ ಒಪ್ಪಲಿಲ್ಲ. ವಾಹನ ಚಲಿಸುವಾಗ ಅದರ ಎದುರು ಯಾರೂ ಇರಕೂಡದು. ಇದು ನನ್ನ ಬದಲಾಗದ ನಿಯಮ. ಸ್ವಲ್ಪ ವಾದವಾಯಿತು. ಕೊನೆಗೆ ಅವಳು ತನ್ನ ಹಿತ್ತಾಳೆಯ ಚರಗಿಯಲ್ಲಿ ನೀರು ತುಂಬಿ, ಹೊಸ ಸಿಮೆಂಟಿನ ಮೂಲೆಯ ಮೇಲೆ ಇಟ್ಟಳು. "ನಾ ಏಳ್ತೀನಿ. ನನ್ನ ಚರಗಿ ಕೂಡ್ತದ. ಇದರಾಗಿನ ನೀರು ಚಲ್ಲಬಾರದು."

ಗೊನೆಗಳನ್ನು ತುಂಬಿದೆವು. ಒಣ ಬಾಳೆ ಎಲೆಯ ಹಾಸು, ಅದರ ಮೇಲೆ ಕೆಂಪು ಗೊನೆಗಳ ಸಾಲು, ಮತ್ತೆ ಎಲೆ. ಹಾಸು ತೆಳುವಾದ ಕಡೆ ನಾನು ಮತ್ತೆ ಹಾಕಿಸಿದೆ. ತುಂಬುವಾಗ ಯಜಮಾನತಿ ತಂಗಿಯ ಮಗಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಷ್ಟು ಸಣ್ಣ ದನಿಯಲ್ಲಿ, "ಆ ಮುದುಕಪ್ಪಗ ಹೊಡೀಲಿಕ್ಕ ಹೇಳಬಾರದೇನು? ಮಿಲಿಟ್ರಿ ಮನಷಾ ಕಾಣಸ್ತಾನ" ಎಂದಳು.

ತಂಗಿಯ ಮಗಳು ನನ್ನ ಕಡೆ ನೋಡಿದಳು. "ಮಾಮಾ, ನೀವೇ ಹೊಡೀರಲ್ಲ."

ಕೈ ತುರಿಸುತ್ತಿತ್ತು, ನಿಜ. ಆ ಚಳಿಗಾಲದ ನಂತರ ಅಂಥ ಲಾರಿ ಸಿಕ್ಕಿರಲಿಲ್ಲ. ಆದರೆ ನಾನು ಹೊರಗೆ ತಂದರೆ ಲಾರಿ ಒಳ್ಳೆಯದೆಂದಷ್ಟೇ ತೀರ್ಮಾನವಾಗುತ್ತದೆ. ಡ್ರೈವರನ ತೀರ್ಮಾನ ಅಲ್ಲೇ ಉಳಿಯುತ್ತದೆ. ಬೇಡ ಎಂದೆ. ಅವನನ್ನು ಕರೆದುಕೊಂಡು ತಗ್ಗಿನವರೆಗೆ ನಡೆದೆ.

"ಆವತ್ತ ಏನ ಮಾಡಿದಿ? ಒಂದೊಂದೇ ಹೇಳು."

"ಎರಿ ಕಂಡ ಕೂಡ್ಲೇ ಎಲ್ಲಾರೂ ಮಾಡೂದೇ ಮಾಡೀನಿ ಚಾಚಾ. ಮೊದಲೇ ಜೋರ ತಗೊಂಡು, ಎಕ್ಸಲೇಟರ್ ಒತ್ತಿದ ಕಾಲು ತಗೀದಂಗ ಎಳದೀನಿ. ಎರಿಯಾಗ ಕಾಲು ತಗದ್ರ ಸತ್ತಂಗ ಅಲ್ರೀ."

ಸಂಗತಿ ಅಷ್ಟೇ ಇತ್ತು. ನಮ್ಮ ಕಡೆಯ ಪ್ರತಿಯೊಬ್ಬ ಡ್ರೈವರನಿಗೆ ಮೊದಲ ದಿನ ಕಲಿಸುವ ಪಾಠ: ಎರಿ ಮಣ್ಣಿನ ಕೆಸರಿನಲ್ಲಿ ನಿಲ್ಲಬಾರದು, ಕಾಲು ತೆಗೆಯಬಾರದು. ಸಾದಾ ಲಾರಿಗೆ ಅದು ಸರಿಯಾದ ಪಾಠ. ನಿಂತರೆ ಮತ್ತೆ ಹೊರಡುವುದಿಲ್ಲ. ಈ ಲಾರಿಗೆ ಅದೇ ಪಾಠ ತಪ್ಪು. ಕಾಲು ಒತ್ತಿ ಹಿಡಿದಷ್ಟು ಹೊತ್ತು ಹಿಂದಿನ ಎರಡೂ ಚಕ್ರ ಒಂದಾಗಿ ನೂಕುತ್ತವೆ. ಜಾರುವ ಮಣ್ಣಿನಲ್ಲಿ ಹೊರಗಿನ ಚಕ್ರ ಮುಂದೆ ಓಡಿ ಬಿಡಿಸಿಕೊಳ್ಳುವಷ್ಟು ಹಿಡಿತವೇ ಇರುವುದಿಲ್ಲ. ಮುಂದಿನ ಚಕ್ರ ಎಷ್ಟು ತಿರುಗಿದರೂ ಲಾರಿ ನೇರ. ಅವನು ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಹಿಂದಿನಿಂದ ನೂಕಿದ್ದವರು ಇದ್ದರು: ಆ ಎರಡು ಚಕ್ರಗಳು.

"ಈಗ ಹ್ಯಾಂಗ ಮಾಡೂದು?"

"ತಿರುವಿನ ಮೊದಲ, ಕೆಸರಿನಾಗೇ, ಗಾಡಿ ನಿಂದರಸು."

ಅವನು ನನ್ನ ಮುಖವನ್ನು, ಜ್ವರ ಇದೆಯೇ ಎಂಬಂತೆ, ನೋಡಿದ. "ಎರಿಯಾಗ ನಿಂದರಸೂದಾ? ತುಂಬಿದ ಗಾಡಿ? ಚಾಚಾ, ನಮ್ಮಪ್ಪನೂ ನಿಂದರಸಿಲ್ಲ, ಅವರಪ್ಪ ಎತ್ತಿನ ಗಾಡೀನೂ ನಿಂದರಸಿಲ್ಲ!"

"ಅವರ ಗಾಡ್ಯಾಗ ಆಟೋ ಲಾಕ್ ಇದ್ದಿಲ್ಲ."

ಅವನಿಗೆ ನಗಲೂ ಆಗಲಿಲ್ಲ. ನಾನು ವಿವರಿಸಿದೆ. ಈ ಲಾರಿಗೆ ಜೋರು ಬೇಡ. ನಿಂತಲ್ಲಿಂದಲೇ ಎರಡೂ ಚಕ್ರ ಹಿಡಿದು ಎಳೆಯುತ್ತವೆ. ನಿಲ್ಲಿಸಿ, ಮೊದಲ ಗೇರಿನಲ್ಲಿ, ಕಾಲು ಬರೀ ಮುಟ್ಟಿಸಿ, ಇರುವೆ ಹರಿದಂತೆ ಹರಿಸು. ಸ್ಟೇರಿಂಗ್ ಸ್ವಲ್ಪ ಸ್ವಲ್ಪವೇ ತಿರುಗಿಸು. ಮುಂದಿನ ಚಕ್ರ ಜಾರಿದರೆ ಕಾಲು ತೆಗೆ, ಒತ್ತಬೇಡ. ಲಾರಿ ನೇರವಾದ ಮೇಲೆ, ಏರಿನಲ್ಲಿ, ಬೇಕಾದಷ್ಟು ಒತ್ತು.

ಅವನು ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ತಿರುವನ್ನು ನೋಡಿದ. ಅಂಗೈಯಿಂದ ಮಣ್ಣು ಒತ್ತಿದ. ಆಮೇಲೆ ಎದ್ದು ಹೋಗಿ, ಯಜಮಾನತಿಯ ಒಲೆಯ ಬಣವೆಯಿಂದ ಎರಡು ತೆಕ್ಕೆ ತೊಗರಿ ಕಟಗಿ, ಎಂದರೆ ಒಣಗಿದ ತೊಗರಿ ಕಡ್ಡಿ, ತಂದ. ಹಿಂದಿನ ಚಕ್ರದ ಕೆಳಗೆ ತೊಗರಿ ಕಟಗಿ ಹಾಕಿ ಲಾರಿ ಹೊರತರುವುದು ನಮ್ಮಲ್ಲಿ ಹಳೆಯ ಪದ್ಧತಿ. ನಾನೂ ಅದನ್ನೇ ಊಹಿಸಿದೆ. ಅವನು ಲಾರಿ ನಿಲ್ಲಬೇಕಾದ ಜಾಗ ದಾಟಿ, ತಿರುವಿನ ಬಾಗಿನಲ್ಲಿ, ಮುಂದಿನ ಚಕ್ರಗಳು ಹೋಗುವ ಗೆರೆಯ ಮೇಲೆ ಕಟಗಿ ಹಾಸತೊಡಗಿದ.

"ಅಲ್ಲ್ಯಾಕೋ?" ಎಂದಳು ತಂಗಿಯ ಮಗಳು.

"ಹಿಂದಿನವು ಹ್ಯಾಂಗೂ ಎಳೀತಾವಂತ ಚಾಚಾ ಹೇಳ್ಯಾರ್ರಿ. ತಿರಗಬೇಕಾದವು ಮುಂದಿನವು. ಅವಕ್ಕ ಕಾಲೂರಾಕ ಜಾಗ ಬೇಕಲ್ಲ."

ನನಗೆ ಇದು ಹೊಳೆದಿರಲಿಲ್ಲ. ಹಿಮದಲ್ಲಿ ನಾವು ತೊಗರಿ ಕಟಗಿ ಎಲ್ಲಿಂದ ತರಬೇಕು! "ಶಾಬ್ಬಾಸ್!" ಎಂದು ಅವನ ಬೆನ್ನಿಗೆ ಬಾರಿಸಿದೆ. ನಾನೂ ಬಗ್ಗಿ ಕಟಗಿ ಹಾಸಿದೆ. ಇಸ್ತ್ರಿ ಮಾಡಿದ ಪ್ಯಾಂಟಿನ ಮೊಳಕಾಲು ಕಪ್ಪಾಯಿತು.

ಅವನು ಹತ್ತಿದ, ಬಾಗಿಲಿಗೆ ಸುತಳಿ ಬಿಗಿದುಕೊಂಡ. ನಾನು ತಿರುವಿನ ಒಳಬದಿಯಲ್ಲಿ, ಅವನಿಗೆ ಕಾಣುವಂತೆ ನಿಂತೆ. ಹೆಂಗಸರಿಬ್ಬರೂ ನನ್ನ ಹಿಂದೆ.

ಲಾರಿ ತಗ್ಗಿಗೆ ಇಳಿಯಿತು. ಕಪ್ಪು ಮಣ್ಣು ಟೈರಿಗೆ ಮೆತ್ತಿಕೊಳ್ಳುವ ಸಪ್ಪಳ. ನಾನು ಕೈ ಎತ್ತಿದೆ. ಅವನ ಮುಖ ಗಾಜಿನ ಹಿಂದೆ ಕಾಣುತ್ತಿತ್ತು; ತುಟಿ ಏನನ್ನೋ ಪಠಿಸುತ್ತಿತ್ತು. ಹುಟ್ಟಿನಿಂದ ಕಲಿತದ್ದೆಲ್ಲ ಬೇಡ ಅನ್ನುತ್ತಿರುವಾಗ ಅವನು ಕಾಲು ತೆಗೆದ. ತುಂಬಿದ ಲಾರಿ, ಎರಿ ಕೆಸರಿನ ನಟ್ಟನಡುವೆ, ನಿಂತಿತು. ಟೈರು ಮೆಲ್ಲಗೆ ಒಂದಿಷ್ಟು ಕೆಳಗೆ ಕೂತಿತು.

"ಹೋಯ್ತು" ಎಂದಳು ಯಜಮಾನತಿ. "ಟ್ರ್ಯಾಕ್ಟರಿಗಿ ಫೋನ್ ಹಚ್ರಿ."

ತಂಗಿಯ ಮಗಳು ನನ್ನ ತೋಳು ಹಿಡಿದುಕೊಂಡಳು. ನಾನು ಕೈ ಮುಂದಕ್ಕೆ ತೋರಿಸಿದೆ.

ಎಂಜಿನ್ ಸದ್ದು ಹೆಚ್ಚೇನೂ ಏರಲಿಲ್ಲ. ಹಿಂದಿನ ಎರಡೂ ಬದಿಯ ಚಕ್ರಗಳು ಒಟ್ಟಿಗೆ, ಒಂದೇ ಗತಿಯಲ್ಲಿ, ತುಸುವೇ ತಿರುಗಿದವು. ಕೆಸರು ಹಾರಲಿಲ್ಲ. ಲಾರಿ ನೆಲವನ್ನು ಹಿಡಿದು ಎದ್ದಿತು! ಮುಂದಿನ ಚಕ್ರಗಳು ಕಟಗಿಯ ಮೇಲೆ ಹತ್ತಿದವು, ಕಟಗಿ ಪಟಪಟ ಮುರಿಯಿತು, ಮೂತಿ ಬಲಕ್ಕೆ ತಿರುಗತೊಡಗಿತು. ಆಗ ಹಿಂಭಾಗ ತೊಟ್ಟಿಯ ಕಡೆ ಜಾರಿತು. ಎರಡೂ ಚಕ್ರ ಒಂದಾಗಿ ತಿರುಗಿದರೆ ಒಂದಾಗಿಯೇ ಜಾರುತ್ತವೆ. ಅದೂ ಈ ಲಾಕರಿನ ಗುಣ. ನನಗೆ ಗೊತ್ತಿತ್ತು, ಹೇಳಲು ಮಾತ್ರ ಹೊತ್ತಿರಲಿಲ್ಲ. "ಕಾಲು!" ಎಂದು ಕೂಗುವಷ್ಟರಲ್ಲಿ ಅವನು ತೆಗೆದಾಗಿತ್ತು. ಜಾರುವುದು ನಿಂತಿತು. ಲಾರಿಯ ಹಿಂಬದಿಯ ಹಲಗೆಗೂ ಚರಗಿಗೂ ನಡುವೆ ಒಂದು ಗೇಣು.

ಮತ್ತೆ ಬರೀ ಕಾಲು ಮುಟ್ಟಿಸಿದ. ಇರುವೆ ಹರಿದಂತೆ ಲಾರಿ ಹರಿಯಿತು. ಹೊರಗಿನ ಚಕ್ರ ಕೆಸರು ದಾಟಿ ಗಟ್ಟಿ ಕೆಂಪು ಮಣ್ಣಿಗೆ ಮುಟ್ಟಿತು. ಮುಟ್ಟಿದೊಡನೆ ಟಿಕ್, ಟಿಕ್, ಟಿಕ್!

"ಬಿಡಿಸ್ಕೊಂತು! ಬಿಡಿಸ್ಕೊಂತು ಮಾಮಾ!" ಎಂದು ತಂಗಿಯ ಮಗಳು ಕುಣಿದಳು. ಬೆಳಿಗ್ಗೆ ಯಾವ ಸಪ್ಪಳಕ್ಕಾಗಿ ಅವನನ್ನು ಕೆಲಸದಿಂದ ತೆಗೆಯಲು ಹೊರಟಿದ್ದಳೋ ಅದೇ ಸಪ್ಪಳ. ಲಾರಿ ನೇರವಾಯಿತು. ಢಣ್ ಎಂದು ಲಾಕ್ ಬಿತ್ತು. ಅವನು ಕಾಲು ಒತ್ತಿದ. ಎರಡೂ ಚಕ್ರ ಸೇರಿ ಗೊನೆಗಳ ಸಮೇತ ಲಾರಿಯನ್ನು ಏರಿನ ಮೇಲಕ್ಕೆ ಒಯ್ದವು.

ಡ್ರೈವರ್ ಸುತಳಿ ಬಿಚ್ಚಲು ತಡವಾಗುತ್ತದೆಂದು ಇನ್ನೊಂದು ಬಾಗಿಲಿನಿಂದ ಜಿಗಿದು ತೊಟ್ಟಿಗೆ ಓಡಿ ಬಂದ. ಚರಗಿಯಲ್ಲಿ ಬಗ್ಗಿ ನೋಡಿದ. ನೀರು ಅಂಚಿನವರೆಗೆ ಹಾಗೇ ಇತ್ತು.

ಯಜಮಾನತಿ ಚರಗಿ ಎತ್ತಿ ಅವನ ಕೈಗೇ ಕೊಟ್ಟಳು. "ಕುಡಿ. ಬಾಯಿ ಒಣಗಿರಬೇಕು." ಅವನು ಗಟಗಟ ಕುಡಿದ. "ಆವತ್ತ ಯಾಕ ಹಿಂಗ ಹೊಡೀಲಿಲ್ಲ?"

"ಆವತ್ತ ನನಗ ಗಾಡಿ ಗುರ್ತು ಇದ್ದಿಲ್ರಿ ಅವ್ವಾರ."

ತಂಗಿಯ ಮಗಳು ಅವನ ಮುಂದೆ ಬಂದು ನಿಂತಳು. "ಸ್ಟೇರಿಂಗ್ ತಿರಗಸಿದ್ದೆ ಅಂತ ನೀ ಅಂದದ್ದು ಖರೇ ಇತ್ತು" ಎಂದಳು. ಆಮೇಲೆ, "ನಾಳಿ ಈ ಬಾಜೂಕಿನ ತೋಟದ ಗೊನಿ ಎತ್ತೂದದ. ಮುಂಜಾನಿ ಆರಕ್ಕ ಬಾ. ರೊಟ್ಟಿ ತಿಂದ ಬಾ."

ಅವನು ತಲೆ ಆಡಿಸಿದ. ಮುಖವನ್ನು ಬೇರೆ ಕಡೆ ತಿರುಗಿಸಿ, ಹಾಸಿದ ಕಟಗಿ ಆರಿಸಿ ಬಣವೆಗೆ ಒಯ್ಯತೊಡಗಿದ. ಯಜಮಾನತಿ ನನ್ನ ಕೈಗೆ ಒಂದು ಚಿಪ್ಪು ಕೆಂಪು ಬಾಳೆ ಕೊಟ್ಟಳು. ದಾರಿಯಲ್ಲಿ ಮೂವರೂ ತಿಂದೆವು. ಊಟದ ಹೊತ್ತಿನ ಮೊದಲು ನಾನು ಏನೂ ತಿನ್ನುವವನಲ್ಲ, ಅಂದು ತಿಂದೆ.

ಮಧ್ಯಾಹ್ನದ ಹೊತ್ತಿಗೆ ಮಾರುಕಟ್ಟೆಯಲ್ಲಿ ಗೊನೆ ಇಳಿಸಿದೆವು. ತಂಗಿಯ ಮಗಳು ಮಿಸ್ತ್ರಿಗೆ ಫೋನ್ ಮಾಡಿ, ಬಿಚ್ಚುವುದು ಏನೂ ಇಲ್ಲವೆಂದಳು. ಸಪ್ಪಳ ನಿಂತಿತೇ ಎಂದು ಅವನು ಕೇಳಿದ. "ನಿಲ್ಲಬಾರದು ಅದು" ಎಂದು ಇಟ್ಟುಬಿಟ್ಟಳು. ಸಂಜೆ ಗಾಜಿಪುರದಲ್ಲಿ ಲಾರಿ ತೊಳೆದೆವು. ಡಿಫರೆನ್ಷಿಯಲ್ಲಿನ ಎಣ್ಣೆಯ ಬಿರಡೆ ಬಿಚ್ಚಿ ಬೆರಳು ಹಾಕಿ ನೋಡಿದೆ. ಎಣ್ಣೆ ಮಟ್ಟಕ್ಕಿತ್ತು, ಸ್ವಚ್ಛವಿತ್ತು, ಕಬ್ಬಿಣದ ಪುಡಿ ಇಲ್ಲ. ಬಿರಡೆ ಬಿಗಿ ಮಾಡಿದೆ.

ಒಂದು ಕೆಲಸ ಬಾಕಿ ಇತ್ತು. ಹೆಂಡತಿ ಹಳೆಯ ಪೆಟ್ಟಿಗೆಯಿಂದ ಒಂದು ಗಟ್ಟಿ ಚಿಲಕ ಹುಡುಕಿ ತಂದಳು. ಡ್ರೈವರ್ ಬಾಗಿಲನ್ನು ಒತ್ತಿ ಹಿಡಿದ, ತಂಗಿಯ ಮಗಳು ತಿರುಪು ಮೊಳೆಗಳನ್ನು ಕೊಟ್ಟಳು, ನಾನು ತಿರುಗಿಸಿ ಬಿಗಿದೆ. ಅವನು ಒಳಗೆ ಕುಳಿತು ಬಾಗಿಲು ಎಳೆದುಕೊಂಡ. ಢಣ್. ಹಾಕಿದ, ತೆಗೆದ, ಮತ್ತೆ ಹಾಕಿದ.

ಬಿಚ್ಚಿದ ಸುತಳಿಯ ಗಂಟು ಬಿಡಿಸಿ, ಸುತ್ತಿ, ಮೊಳೆಯ ಡಬ್ಬಿಯಲ್ಲಿಟ್ಟೆ.